ಮೂಲೆಯ ಕೆಂಪು ಧೂಳು

ಸಂಡೂರಿನ ನಮ್ಮ ಮನೆಯೊಳಗೆ ಅದಿರು ಲಾರಿಗಳ ಕೆಂಪು ಧೂಳು ದಿನವೂ ನುಗ್ಗುತ್ತದೆ. ಮೊದಲು ಕಸಬರಿಗೆಯಲ್ಲಿ ಗುಡಿಸಿ ಆಮೇಲೆ ಒರೆಸಬೇಕು, ಇಲ್ಲದಿದ್ದರೆ ನೆಲವೆಲ್ಲ ರಾಡಿ. ಡ್ಯೂಟಿಗೆ ಓಡುವ ನನಗೆ ಭಾನುವಾರವೊಂದೇ ಬಿಡುವು. ಉಳಿದ ದಿನ ಮಕ್ಕಳು ಅತ್ತೆಯ ವಶ.

ಆ ಭಾನುವಾರ ಮಗ ಕೆಂಪು ಕಾಲಲ್ಲೇ ನಡುಮನೆ ತುಳಿದ. "ನೀನ ಸ್ವಚ್ಛ ಮಾಡು ಲೇ," ಎಂದು ಗದರಿದೆ. ಅವನು ಗುಡಿಸದೆ ಒದ್ದೆ ಬಟ್ಟೆ ಎಳೆದು ಅರ್ಧ ನೆಲವನ್ನು ಕೆಸರು ಮಾಡಿದ.

ಅತ್ತೆ ನಕ್ಕರು. "ಗಂಡ್ ಹುಡುಗಗ ಇದೆಲ್ಲ ಎಲ್ಲಿ ಬರ್ತೈತಿ, ಬಿಡು."

ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವನಿಗಿಂತ ಚಿಕ್ಕವಳಾದ ಮಗಳು, ಯಾರೂ ಕರೆಯದೆ, ಕಸಬರಿಗೆ ಹಿಡಿದು ಬಂದು ಉಳಿದ ಧೂಳನ್ನು ಗುಡಿಸತೊಡಗಿದಳು. ನಾನು ಅವಳಿಗೆ ಅದನ್ನೆಂದೂ ಕಲಿಸಿರಲಿಲ್ಲ.

ಅತ್ತೆ ಕೂತಲ್ಲಿಂದಲೇ ಅವಳಿಗೆ ಹೇಳಿದರು: "ನಿನ್ನಿ ಹಂಗ ಮೂಲಿ ಬಿಡಬ್ಯಾಡವ್ವ."