ಕೆಂಪಿಗೆ ಹಸಿರು ಕೂಡಿಸಿದರೆ

ನಸುಕಿಗೆ ಮುಂಚೆ ಎದ್ದು ಒಲೆ ಹಚ್ಚಬೇಕು. ಅತ್ತೆಯ ಸ್ನಾನಕ್ಕೆ ನೀರು ಕಾಯಿಸಿ, ಅವರ ಮೊಣಕಾಲಿಗೆ ಎಣ್ಣೆ ತಿಕ್ಕಿ, ನೆನೆಸಿಟ್ಟ ಬಟ್ಟೆ ಒಗೆದು, ಗಂಡನ ಅಂಗಿಗೆ ಇಸ್ತ್ರಿ ಹಾಕಿ, ಅಡುಗೆ ಮುಗಿಸಿ ಡಬ್ಬಿಗಳಿಗೆ ತುಂಬಬೇಕು. ನಡುವೆ ಇನ್ನೊಂದು ಒಲೆಯ ಮೇಲೆ ಅಂಟು ಕರಗುತ್ತಿರಬೇಕು. ಬಣ್ಣದ ಪುಡಿ ನಾಟಕದ ಪರದೆಗೆ ಹಿಡಿಯುವುದು ಆ ಅಂಟಿನಿಂದ. ಕುದಿ ಬಂದರೆ ಕೆಟ್ಟಿತು, ಹಾಗಾಗಿ ಒಂದು ಕಣ್ಣು ಸದಾ ಅತ್ತ. ಗಂಡ ಏಳುವ ಹೊತ್ತಿಗೆ ಇವೆಲ್ಲ ತಾವಾಗಿಯೇ ಆಗಿಬಿಟ್ಟಿರುತ್ತಿದ್ದವು.

ರಂಗಮಂದಿರದಲ್ಲಿ ಅವಳಿಗೆ ಬಣ್ಣದಕ್ಕ ಎಂದೇ ಹೆಸರು. ನಾಟಕದ ಹಿಂದೆ ಇಳಿಬಿಡುವ ಕಾಡು, ಕಡಲು, ಅರಮನೆ ಎಲ್ಲ ಅವಳ ಕೈಯವು. ಅವಳ ಗಂಡ ಅಲ್ಲಿಯೇ ದೀಪ ನೋಡಿಕೊಳ್ಳುವವನು. ಪರದೆಯ ಕೆಲಸಕ್ಕೊಬ್ಬ ಮುಖ್ಯಸ್ಥ ಬೇಕೆಂದು ಮಾಲೀಕರು ಹುಡುಕಲು ಹೊರಟಾಗ ಅವನು ಹೋಗಿ ಕೈಕಟ್ಟಿ ನಿಂತ.

"ಅವಳದೇನಿದೆ ಸಾರ್, ಬ್ರಷ್ ತೊಳೀತಾಳೆ. ಬಣ್ಣ ಹೇಳಿಕೊಡೋನು ನಾನು."

ಅವಳು ಅಲ್ಲೇ ಒಂದು ಪರದೆಯ ಹಿಂದೆ ಏಣಿಯ ಮೇಲಿದ್ದಳು, ಎಲ್ಲ ಕೇಳಿಸಿತು. ಕೆಳಗಿಳಿಯಲಿಲ್ಲ. ಮನೆಯಲ್ಲಿ ಅತ್ತೆಯ ಕಿವಿಗೆ ಹಾಕಿದಾಗ, ಗಂಡ ಮೇಲೆ ಬಂದರೆ ನೀನೂ ಬಂದ ಹಾಗೇ ಅಲ್ಲವೇನಮ್ಮ ಎಂದರು. ಹೌದು, ಬಕೆಟ್ ಹಿಡಿದುಕೊಂಡು ಹಿಂದಿನಿಂದ, ಎಂದುಕೊಂಡು ಅವಳು ಪಾತ್ರೆ ಉಜ್ಜಿದಳು.

ಮಾಲೀಕರು ಪರೀಕ್ಷೆಗೆ ದಿನ ಗೊತ್ತುಮಾಡಿದರು. ತಮ್ಮೆದುರೇ ಮಾಗಿದ ಪೈರಿನ ಹೊಲ ಬರೆದು ತೋರಿಸಬೇಕು. ಗಂಡ ಒಂದಿಷ್ಟೂ ಅಳುಕಲಿಲ್ಲ. ಬಿಳಿ ಗೋಡೆಯ ಮೇಲೆ ಕೆಂಪು ದೀಪ ಬಿಟ್ಟ, ಅದರ ಮೇಲೆಯೇ ಹಸಿರು ದೀಪ ಬಿಟ್ಟ. ಗೋಡೆ ಹಳದಿಯಾಯಿತು. ಮಾಲೀಕರು ಬೆರಗಾದರು. ಕೆಂಪು, ಹಸಿರು, ನೀಲಿ ಇದ್ದರೆ ಲೋಕದ ಬಣ್ಣವೆಲ್ಲ ತನ್ನ ಜೇಬಿನಲ್ಲಿ ಎಂದು ಕೊಚ್ಚಿಕೊಂಡ ಅವನು, ಆ ಮೂರೇ ಪುಡಿ ತರಿಸುವಂತೆ ಅವಳಿಗೆ ಹೇಳಿದ.

"ಹಳದಿ ಬೇಡ, ದಂಡ. ಬಣ್ಣ ಅಂದ್ರೆ ಬಣ್ಣಾನೇ. ದೀಪದಲ್ಲಾದ್ರೇನು, ಡಬ್ಬೀಲಾದ್ರೇನು?"

"ಆಯ್ತು ರೀ," ಎಂದಳು.

ದೀಪ ಬೆಳಕು ಕೊಡುತ್ತದೆ, ಬಣ್ಣ ಅದನ್ನು ನುಂಗುತ್ತದೆ; ಅವಳಿಗದು ಗೊತ್ತಿತ್ತು. ಒಂದು ದೀಪದ ಜೊತೆಗೆ ಇನ್ನೊಂದು ಹಚ್ಚಿದರೆ ಕಣ್ಣಿಗೆ ಬೆಳಕು ಹೆಚ್ಚು ಬರುತ್ತದೆ. ಮೂರೂ ಸೇರಿದರೆ ಬಿಳಿ. ಪುಡಿಯ ಗುಣ ಬೇರೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಂಪು ಪುಡಿ ಕೆಂಪನ್ನಷ್ಟೇ ಉಗುಳಿ ಉಳಿದದ್ದನ್ನು ನುಂಗುತ್ತದೆ. ಹಸಿರು ಪುಡಿ ಆ ಕೆಂಪನ್ನೂ ನುಂಗುತ್ತದೆ. ಎರಡನ್ನೂ ಕಲಸಿದರೆ ಉಳಿಯುವುದು ಕೆಸರು. ಹಳದಿ ಪುಡಿ ಮಾತ್ರ ನೀಲಿಯೊಂದನ್ನೇ ನುಂಗಿ ಕೆಂಪು, ಹಸಿರು ಎರಡನ್ನೂ ಹೊರಗೆ ಬಿಡುತ್ತದೆ. ಅದಕ್ಕೇ ಅಷ್ಟು ಬೆಳಗುತ್ತದೆ. ಬಣ್ಣದವರು ಕೆಲಸ ಶುರುಮಾಡುವುದೇ ಅಂಥ ಕಡಿಮೆ ನುಂಗುವ ಪುಡಿಗಳಿಂದ.

ಇದನ್ನು ಅವನಿಗೆ ಹೇಳಲು ಒಂದು ಮಾತು ಸಾಕಿತ್ತು. ಆ ಮಾತನ್ನು ಅವಳು ಬಾಯಲ್ಲೇ ಇಟ್ಟುಕೊಂಡು ದಿನವೂ ಚಪ್ಪರಿಸಿದಳು.

ಪರೀಕ್ಷೆಯ ದಿನ ಅವನು ಅಂಗಿಯ ತೋಳು ಮಡಚಿ ಕೆಂಪಿಗೆ ಹಸಿರು ಕಲಸಿದ. ಕಂದು ಬಂತು. ಇನ್ನಷ್ಟು ಹಸಿರು ಸುರಿದ, ಇನ್ನಷ್ಟು ಕೆಂಪು. ಸಗಣಿಯಂತಾಯಿತು. ಹೊಲದಲ್ಲಿ ಪೈರಿಗಿಂತ ಗೊಬ್ಬರವೇ ಜಾಸ್ತಿ ಆಯ್ತಲ್ಲಪ್ಪ ಎಂದರು ಮಾಲೀಕರು. ಬ್ರಷ್ ಸರಿಯಾಗಿ ತೊಳೆದಿಲ್ಲ ಇವಳು ಎಂದ ಅವನು. ಆಮೇಲೆ, ಮಾಲೀಕರು ಆಚೆ ತಿರುಗಿದಾಗ, ಅವಳ ಬಳಿ ಬಗ್ಗಿ ಪಿಸುಗುಟ್ಟಿದ.

"ಒಳಗೆ ಹಳದಿ ಇದ್ರೆ ತಂದ್ಕೊಡೇ. ಮಾನ ಹೋಗುತ್ತೆ."

ಉಗ್ರಾಣದಲ್ಲಿ ಹಳೆಯ ಹಳದಿ ಅರ್ಧ ಚೀಲ ಉಳಿದಿತ್ತು. ಅವಳು ಹೋಗಿ ಅದರೆದುರು ಕೂತಳು. ಕೊಟ್ಟರೆ ಸಂಜೆಯೊಳಗೆ ಅವನು ಮುಖ್ಯಸ್ಥ, ತಾನು ಸಾಯುವ ತನಕ ಬ್ರಷ್ ತೊಳೆಯುವವಳು. ಕೊಡದಿದ್ದರೆ ಮನೆಯಲ್ಲಿ ಕೂಗಾಟ, ಅತ್ತೆಯ ಗೊಣಗಾಟ; ಮಾಲೀಕರು ರೇಗಿ ಇಬ್ಬರನ್ನೂ ಹೊರಗಟ್ಟಿದರೂ ಅಟ್ಟಬಹುದು. ತನ್ನ ಅನ್ನಕ್ಕೂ ಕಲ್ಲು ಬಿದ್ದೀತು.

ಹೊರಗಿನಿಂದ ಅವನು ಕೂಗಿದ. ಇನ್ನೊಮ್ಮೆ ಕೂಗಿದಾಗ ದನಿ ತುಸು ಒಡೆದಿತ್ತು. ಅವಳಿಗೆ ಅದು ಹಿತವಾಗಿ ಕೇಳಿಸಿತು.

ಎದ್ದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು.