ನಾಲ್ಕನೆಯ ದಿನದ ಸ್ನಾನ

ವಿಲೆ ಪಾರ್ಲೆಯ ಆ ಚಾಳಿನಲ್ಲಿ ಮೈಸೂರು ಕಡೆಯವರ ಮನೆ ಅದೊಂದೇ. ತಿಂಗಳಿಗೆ ಮೂರು ದಿನ ಆ ಮನೆಯ ಸೊಸೆ ಸುಬ್ಬಲಕ್ಷ್ಮಿ ಗ್ಯಾಲರಿಯ ಮೂಲೆಯಲ್ಲಿ ಗೋಣಿತಟ್ಟು ಹಾಸಿಕೊಂಡು, ಬೇರೆ ತಟ್ಟೆ, ಬೇರೆ ಚೊಂಬು ಇಟ್ಟುಕೊಂಡು ಕೂರುತ್ತಿದ್ದಳು. ಮುಂಬಯಿಯಲ್ಲಿ ಹೊರಗೆ ಕೂರುವುದೆಂದರೆ ಅಷ್ಟೇ. ಹಾದುಹೋಗುವವರಿಗೆಲ್ಲ ಮನೆಯ ಗುಟ್ಟು ರಟ್ಟು. ನಾಲ್ಕನೆಯ ದಿನ ತಲೆಗೆ ಸ್ನಾನ, ಆಮೇಲೆ ಒಲೆ, ದೇವರ ದೀಪ. ಆ ಮೂರು ದಿನದ ಅಡಿಗೆ ಅತ್ತೆ ಸರಸ್ವತಮ್ಮನದು. ನೋಯುವ ಸೊಂಟ ಹಿಡಿದುಕೊಂಡೇ ಮಡಿಯಲ್ಲಿ ಬೇಯಿಸುತ್ತಿದ್ದರು. ಬೇಯಿಸಿದ್ದಕ್ಕಿಂತ ಗೊಣಗಿದ್ದೇ ಹೆಚ್ಚು.

ಸುಬ್ಬಲಕ್ಷ್ಮಿಗೆ ಮೂವತ್ತೆಂಟು ತುಂಬಿದ ೧೯೫೪ರಲ್ಲಿ ಈ ಕ್ರಮ ಕೆಟ್ಟಿತು. ನಾಲ್ಕನೆಯ ದಿನ ನಿಲ್ಲಲಿಲ್ಲ, ಏಳನೆಯ ದಿನವೂ ನಿಲ್ಲಲಿಲ್ಲ. ಮೊದಲ ತಿಂಗಳು ಮೂಲೆಯಲ್ಲೇ ಕೂತಳು. "ಇನ್ನೂ ಆಗ್ಲಿಲ್ವೇನೇ? ನನ್ನ ಸೊಂಟ ಬಿದ್ದುಹೋದ ಮೇಲೆ ಏಳ್ತೀಯಾ?" ಎಂದರು ಅತ್ತೆ. ಮುಂದಿನ ತಿಂಗಳು ಅವಳು ನಾಲ್ಕನೆಯ ದಿನವೇ ಸ್ನಾನ ಮಾಡಿ ಒಳಗೆ ಬಂದಳು. ರಕ್ತ ಮಾತ್ರ ನಿಂತಿರಲಿಲ್ಲ.

ಅಂದಿನಿಂದ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಬದುಕು. ಮುಟ್ಟಿನಲ್ಲೇ ಅನ್ನ ಬಡಿಸಿದಳು, ಮುಟ್ಟಿನಲ್ಲೇ ದೀಪ ಹಚ್ಚಿದಳು. ಮರುವರ್ಷದ ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳನ್ನು ಜೋಡಿಸುವಾಗ ರಾಣಿ ಗೊಂಬೆ ಕೈಜಾರಿ ಬಿತ್ತು. ಮೂಗಿನ ಚಕ್ಕೆ ಎದ್ದಿತು. ಆ ವಾರವೇ ಹೊಕ್ಕುಳ ಕೆಳಗೆ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು, ಸುಲಿದ ತೆಂಗಿನಕಾಯಿಯಷ್ಟು. ಮಾಡಿದ್ದುಣ್ಣೋ ಮಹರಾಯ! ಮೈಲಿಗೆಯ ಶಿಕ್ಷೆಯನ್ನು ದೇವರು ಹೊಟ್ಟೆಯಲ್ಲೇ ಇಟ್ಟಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಯಾರಿಗೆ ಹೇಳುವುದು? ಗಡ್ಡೆ ಎಂದರೆ, ಎಷ್ಟು ದಿನ ಹೋಗುತ್ತದೆ ಎಂದು ಕೇಳುತ್ತಾರೆ. ಹೆದರಿ ಬಾಯಿ ಮುಚ್ಚಿಕೊಂಡಳು.

ಮೆಟ್ಟಿಲು ಹತ್ತಿದರೆ ಎದೆ ಡವಡವ ಎನ್ನುತ್ತಿತ್ತು. ಗಳಿಗೆಗೊಮ್ಮೆ ಚಾಳಿನ ಕೊನೆಯ ಪಾಯಖಾನೆಗೆ ಓಡಬೇಕಾಗುತ್ತಿತ್ತು. ಮುಖ ಸುಣ್ಣದಂತಾದಾಗ ಗಂಡ ಕೇಶವಮೂರ್ತಿ ಆಫೀಸಿಗೆ ರಜೆ ಹಾಕಿ ಸ್ಟೇಷನ್ ಬಳಿಯ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದ. ಆಕೆ ಧಾರವಾಡದವರು. ಅದೇ ಫಜೀತಿಯಾಯಿತು, ಮರಾಠಿಯವರಾಗಿದ್ದರೆ ಪ್ರಶ್ನೆ ತಿಳಿಯಲಿಲ್ಲ ಎನ್ನಬಹುದಿತ್ತು. ಸೊಸೆಯೊಬ್ಬಳನ್ನೇ ಒಳಗೆ ಬಿಡಬಾರದೆಂದು ಅತ್ತೆಯೂ ಬಂದು ಪರದೆಯಾಚೆ ನಿಂತರು.

"ತಿಂಗಳಿಗೆ ಎಷ್ಟ ದಿನಾ ಹೋಗ್ತದವಾ?"

"ಮೂರು" ಎಂದಳು. ಹೊಟ್ಟೆ ಮುಟ್ಟಗೊಡಲಿಲ್ಲ. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ಹುಬ್ಬು ಗಂಟಿಕ್ಕಿ, ಟಾನಿಕ್ ಬರೆದುಕೊಟ್ಟರು.

ತೂತು ಕೊಡಕ್ಕೆ ನೀರು ಹೊಯ್ದ ಹಾಗಾಯಿತು. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ದೇವರ ಮುಂದೆಯೇ ಕುಸಿದು ಬಿದ್ದಳು. ಈ ಸಲ ಡಾಕ್ಟರು ಅವಳ ಮಾತು ಕೇಳದೆ ಹೊಟ್ಟೆ ಒತ್ತಿ, ಒಳಗೂ ಪರೀಕ್ಷೆ ಮಾಡಿದರು.

"ಗರ್ಭಕೋಶದಾಗ ಗಡ್ಡಿ ಬೆಳದದ. ಖರೇ ಹೇಳು, ಎಷ್ಟ ದಿನಾ? ಸುಳ್ಳ ಹೇಳಿದ್ರ ಆಪರೇಷನ್ ಟೇಬಲ್ ಮ್ಯಾಲಿಂದ ಏಳೂದಿಲ್ಲ ನೀ."

ಪರದೆಯ ಕೆಳಗೆ ಅತ್ತೆಯ ಸೀರೆಯಂಚು ಕಾಣುತ್ತಿತ್ತು. ಹೇಳುವುದಕ್ಕಿಂತ ಸಾಯುವುದೇ ಸುಲಭ ಅನ್ನಿಸಿತು ಸುಬ್ಬಲಕ್ಷ್ಮಿಗೆ. "ಮೂ..." ಎಂದಳು.

"ಸುಳ್ಳು" ಎಂದರು ಪರದೆಯಾಚೆಯಿಂದ ಸರಸ್ವತಮ್ಮ. "ಹದಿಮೂರು ದಿನ. ಹೋದ ತಿಂಗಳು ಹದಿನಾರು. ಹೆಪ್ಪುಹೆಪ್ಪಾಗಿ ಹೋಗತ್ತೆ, ಡಾಕ್ಟ್ರೇ."

ಡಾಕ್ಟರು ಮುಂದೆ ಹೇಳಿದ್ದು ಅವಳ ಕಿವಿಗೆ ಅರ್ಧ ಬಿತ್ತು, ಅರ್ಧ ಬೀಳಲಿಲ್ಲ. ಇದಕ್ಕೆ ಫೈಬ್ರಾಯ್ಡ್ ಅನ್ನುತ್ತಾರೆ, ಕ್ಯಾನ್ಸರ್ ಅಲ್ಲ. ಮೈಯಲ್ಲಿ ಅರ್ಧದಷ್ಟೂ ರಕ್ತವಿಲ್ಲ. ಮೊದಲು ಬೇರೆಯವರ ರಕ್ತ ಏರಿಸಿ, ಆಮೇಲೆ ಗರ್ಭಕೋಶವನ್ನೇ ತೆಗೆಯಬೇಕು.

ಆಪರೇಷನ್ನಿನ ಹಿಂದಿನ ದಿನ ಸಂಜೆ ಅತ್ತೆ ಆಸ್ಪತ್ರೆಗೆ ಬಂದರು. ಹೊರಗಿನ ನೀರನ್ನೂ ಮುಟ್ಟದ ಹೆಂಗಸು, ಕಬ್ಬಿಣದ ಮಂಚದ ಅಂಚಿನಲ್ಲಿ ಕೂತರು.

"ಅಮ್ಮಾ, ನಿಮಗೆ ಮೊದಲೇ ಗೊತ್ತಿತ್ತಾ?"

"ಬಟ್ಟೆ ಒಗೆಯಕ್ಕೆ ಇರೋದೊಂದು ಮೋರಿ, ಸೀರೆ ಒಣಗಿಸಕ್ಕೆ ಒಂದು ತಂತಿ. ಗೊತ್ತಾಗದೆ ಇರತ್ತೇನೇ?"

"ಮತ್ಯಾಕೆ ಹೇಳ್ಲಿಲ್ಲ?"

ಸರಸ್ವತಮ್ಮ ಸೊಂಟ ನೀವಿಕೊಂಡರು. "ಹೇಳಿದ್ರೆ ನಿನ್ನ ಹೊರಗೆ ಕೂರಿಸಬೇಕಾಗ್ತಿತ್ತು. ಒಲೆ ಮುಂದೆ ನಾನು ನಿಲ್ಲಬೇಕಾಗ್ತಿತ್ತು. ನನ್ನ ಸೊಂಟ ಉಳಿಸ್ಕೊಳ್ಳಕ್ಕೆ ನಿನ್ನ ರಕ್ತ ಬಸಿದೆ ಕಣೇ."

ಒಂದೂವರೆ ವರ್ಷ ಯಾರಿಗೆ ಹೆದರಿ ನಡುಗಿದಳೋ ಅವರೇ ಎಣಿಸುತ್ತ ಕೂತಿದ್ದರು! ಸುಬ್ಬಲಕ್ಷ್ಮಿಗೆ ಅತ್ತೆಯ ಮೇಲೆ ಹೇಸಿಗೆ ಬಂತು. ಆದರೆ ನಾಳೆಯ ಭಯ ಅದಕ್ಕಿಂತ ದೊಡ್ಡದಿತ್ತು. ಕೈ ತಾನಾಗಿ ಹೋಗಿ ಅವರ ಮಡಿಸೀರೆಯ ಸೆರಗು ಹಿಡಿಯಿತು. ಅತ್ತೆ ಬಿಡಿಸಿಕೊಳ್ಳಲಿಲ್ಲ.

"ನಾಳೆ ಎದ್ದು ಬಾ. ಬಂದಮೇಲೆ ಎಷ್ಟು ಬೇಕೋ ಬೈಕೋ" ಎಂದರು.

ಬದುಕಿ ಬಂದಳು, ಮೂರು ವಾರಕ್ಕೆ. ಬೈಯಲಿಲ್ಲ. ಒಂದು ಕೈಯಲ್ಲಿ ಹೊಟ್ಟೆಯ ಹೊಲಿಗೆ ಒತ್ತಿ ಹಿಡಿದು, ನಿಧಾನವಾಗಿ ಬಗ್ಗಿ, ಗ್ಯಾಲರಿಯ ಮೂಲೆಯ ಗೋಣಿತಟ್ಟನ್ನು ಎತ್ತಿ ಚಾಳಿನ ಕಸದ ಡಬ್ಬಕ್ಕೆ ಹಾಕಿದಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಲೆ ಹಚ್ಚಲು ಒಳಗೆ ಹೋದರು.