ಇಮಾಮಸಾಬನ ಚೀಲದಲ್ಲಿದ್ದ ಫೈಲು

ನಾನು ರೊಟ್ಟಿ ಬಡಿಯುವಾಗ ನಮ್ಮ ಮನೆಯವರು ಎದುರಿಗೆ ಕೂತು ಪೇಪರು ಓದಿ ಹೇಳುತ್ತಿದ್ದರು. ನಿವೃತ್ತರಾದ ಮೇಲೆ ಅದು ದಿನದ ರೂಢಿ. ಒಂದು ಮುಂಜಾನೆ ಒಂದೇ ಸಾಲು ಓದಲು ಎರಡು ಸಲ ನಿಂತರು.

"ಯಾಕ್ರಿ?"

"ಚಷ್ಮಾ ಸರಿ ಇಲ್ಲ."

ನಂಬಿದೆ.

ಅವರು ಅಗ್ನಿಶಾಮಕ ದಳದಲ್ಲಿ ದುಡಿದವರು. ಹತ್ತಿ ಗೋದಾಮು, ಮೇವಿನ ಬಣವೆ, ಎಷ್ಟೋ ಬೆಂಕಿ ಆರಿಸಿದ್ದರು. ಡ್ಯೂಟಿ ಮುಗಿಸಿ ಬಂದರೆ ಹಿತ್ತಲಲ್ಲೇ ಸ್ನಾನ, ಆಮೇಲೆ ಇಬ್ಬರು ಹೆಣ್ಣುಮಕ್ಕಳಿಗೆ ಹೆರಳು ಹಾಕುವುದು. ಬೆಂಕಿಯ ಮಾತು ಮನೆಯಲ್ಲಿ ಆಡುತ್ತಿರಲಿಲ್ಲ. ಅದೆಲ್ಲ ಇಮಾಮಸಾಬನ ಜೋಡಿ. ಇಬ್ಬರೂ ಒಂದೇ ಗಾಡಿಯವರು. ಹೊಗೆಯೊಳಗೆ ಒಬ್ಬರ ಹೆಗಲು ಒಬ್ಬರು ಹಿಡಿದು ಹೋದವರು. ಮೊರಬದಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಅವನ ಮನೆ.

ಕೆಮ್ಮು ಜೋರಾದಾಗ ಮೂವರೂ ಹುಬ್ಬಳ್ಳಿಯ ದವಾಖಾನೆಗೆ ಹೋದೆವು. ಡಾಕ್ಟರ್ ಹಳೆಯ ಫೈಲು ಕೇಳಿದರು. ಇಲ್ಲ ಎಂದೆ.

ಇಮಾಮಸಾಬ ತನ್ನ ಚೀಲದಿಂದ ತೆಗೆದುಕೊಟ್ಟ.

ಎಂಟು ತಿಂಗಳ ಫೈಲು. ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್. ಲಂಗ್ ಫೈಬ್ರೋಸಿಸ್, ಅಂದರೆ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಜಡ್ಡು. ಮದುವೆಗೆ, ಪೆನ್ಶನ್ ಕೆಲಸಕ್ಕೆ ಎಂದು ಇಬ್ಬರೂ ಹೋದದ್ದೆಲ್ಲ ಇಲ್ಲಿಗೇ. ರೋಗದ ಹೆಸರು ಆಮೇಲೆ ತಲೆಗೆ ಹೋಯಿತು. ಮೊದಲು ಕಂಡದ್ದು ಆ ಚೀಲ.

ಅವನು ದಿನಾ ಬರುತ್ತಿದ್ದ. ನಾನು ಕೇಳಿದರೆ "ಆರಾಮದೀನಿ" ಎನ್ನುವವರು ಅವನ ಮುಂದೆ "ಇವತ್ತ ಎದಿ ಭಾಳ ಬಿಗದೈತಿ ಲೇ" ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಒಮ್ಮೆ ಅವನ ಚಹಾಕ್ಕೆ ಬೇಕಂತಲೇ ಸಕ್ಕರೆ ಹಾಕಲಿಲ್ಲ.

"ವೈನಿ, ನನಗ ಶುಗರ್ ಬಂದೈತಿ ಅಂತ ಯಾರ ಹೇಳಿದ್ರಿ?" ಎಂದು ನಕ್ಕು ಅದನ್ನೇ ಕುಡಿದ.

ಡಾಕ್ಟರ್ ಹೊಗೆ ಬೇಡ ಅಂದಿದ್ದರು. ದೇವರ ಹೊಗೆ ಆ ಲೆಕ್ಕಕ್ಕೆ ಬರುವುದಿಲ್ಲ ಅಂದುಕೊಂಡಿದ್ದೆ. ಸೋಮವಾರ, ಅವರಿಗೆ ಗುಣವಾಗಲಿ ಎಂದು, ಲೋಬಾನ ಹಾಕಿ ಮನೆತುಂಬ ಆಡಿಸುತ್ತಿದ್ದೆ. ಅವರು ಸುಮ್ಮನೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಒಂದು ಸೋಮವಾರ ಇಮಾಮಸಾಬ ಧೂಪದ ಆರತಿಯನ್ನು ನನ್ನ ಕೈಯಿಂದ ತಗೊಂಡು ಹೊರಗಿಟ್ಟ.

"ಅಣ್ಣಗ ಇದು ಆಗಂಗಿಲ್ರಿ ವೈನಿ. ಮೊದಲಿಂದ ಆಗಂಗಿಲ್ಲ."

ಇವರ ಕಡೆ ತಿರುಗಿದೆ. "ನನಗ್ಯಾಕ ಹೇಳಲಿಲ್ಲ?"

"ನನ್ನ ಸಲುವಾಗಿ ಹಾಕಾಕಿ ನೀ. ಹೆಂಗ ಬ್ಯಾಡ ಅನ್ನಲಿ?"

ಪ್ರೀತಿಯಿಂದಲೇ ಅಂದರು. ನನ್ನ ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು. ನಿಜ ಅವನಿಗೆ, ಸಹನೆ ನನಗೆ. ನನಗೆ ಬೇಕಾಗಿದ್ದದ್ದು ಇಷ್ಟೇ, ಒಂದು ಸಲವಾದರೂ ತಮ್ಮ ಸಂಕಟವನ್ನು ಮೊದಲು ನನಗೆ ಹೇಳಲಿ.

ಕೊನೆಯ ಸಲ ದವಾಖಾನೆ ಸೇರಿದಾಗ ಆಕ್ಸಿಜನ್ ಹಚ್ಚಿದ್ದರು. ಮಧ್ಯಾಹ್ನ ಇಮಾಮಸಾಬ ಗುಳಿಗೆ ತರಲು ಕೆಳಗೆ ಹೋಗಿದ್ದ. ಇವರು ಮಾಸ್ಕ್ ಸರಿಸಿದರು.

"ಶಾಂತಾ, ನನಗ ಅಂಜಿಕಿ ಬರಾಕತ್ತೈತಿ."

"ನನಗೂ ಬರಾಕತ್ತೈತ್ರಿ."

ನನ್ನ ಕೈ ಹಿಡಿದುಕೊಂಡರು. "ಇಮಾಮಗ ಹೇಳಬ್ಯಾಡ."

ಮೂರನೇ ದಿನ ಹೋದರು.

ಮಣ್ಣು ಕೊಡುವಾಗ ಜನ ನನಗಿಂತ ಹೆಚ್ಚು ಇಮಾಮಸಾಬನನ್ನೇ ಸಮಾಧಾನ ಮಾಡಿದರು. ಅದಕ್ಕೂ ನನಗೆ ಉರಿ.

ಈಗಲೂ ಬರುತ್ತಾನೆ. ನಾನು ಕಾಣದ ಅವರನ್ನು ಒಂದೊಂದೇ ಬೆಂಕಿಯ ಕಥೆಯಲ್ಲಿ ತಂದುಕೊಡುತ್ತಾನೆ. ಮನಸ್ಸಿಟ್ಟು ಕೇಳುತ್ತೇನೆ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳುತ್ತಾನೆ, "ಕಡೀಕ ಅಣ್ಣ ಏನರ ಅಂದ್ನೇನ್ರಿ?"

"ಏನೂ ಇಲ್ಲ," ಎನ್ನುತ್ತೇನೆ.

ಹೇಳಬೇಡ ಎಂದಿದ್ದರು, ಹೇಳಿಲ್ಲ. ಇದನ್ನು ಅವನು ಓದಿದರೆ ಓದಲಿ.